ಹಿಡಿಗಿಂತ ಮೊದಲು ಕುಚ್ಚು ನೋಡು

ನೀನು ಕಡೆದು ತಂದುಕೊಟ್ಟ ನಾಲ್ಕು ಹಿಡಿಗಳೂ ನನ್ನ ಮೇಜಿನ ಮೇಲೇ ಇವೆ. ದಿನಕ್ಕೊಂದು ಸಲವಾದರೂ ಕೈಗೆತ್ತಿಕೊಂಡು ನೋಡುತ್ತೇನೆ. ಸೊಂಟದ ತಿರುವು ಎರಡು ಬೆರಳ ನಡುವೆ ತಾನಾಗಿ ಕೂರುತ್ತದೆ. ಬುಡ ಅಗಲವಾಗಿರುವುದರಿಂದ ನಿಲ್ಲಿಸಿದರೆ ಅಲುಗುವುದಿಲ್ಲ. ಚನ್ನಪಟ್ಟಣದಲ್ಲಿ ನೀನು ಕಳೆದ ಒಂದೂವರೆ ವರ್ಷ ವ್ಯರ್ಥವಾಗಿಲ್ಲ ಮಗೂ. ಆದರೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಒಂದು ಮಾತು ಹೇಳಿದೆಯಲ್ಲ, "ಇನ್ನೇನು ದೊಡ್ಡಪ್ಪ, ಕುಚ್ಚು ತರಿಸಿ ಅಂಟಿಸಿಬಿಟ್ಟರೆ ಆಯಿತು" ಅಂತ, ಅದು ಮಾತ್ರ ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿದೆ. ಅದಕ್ಕೇ ಈ ಉದ್ದನೆಯ ಕಾಗದ.

ಶೇವಿಂಗ್ ಬ್ರಷ್ಷಿನಲ್ಲಿ ಹಿಡಿ ಕೊಳ್ಳುವವನ ಕಣ್ಣಿಗೆ, ಕುಚ್ಚು ಅವನ ಕೆನ್ನೆಗೆ. ಅಂಗಡಿಯಲ್ಲಿ ಅವನು ಹಿಡಿ ನೋಡಿ ದುಡ್ಡು ಕೊಡುತ್ತಾನೆ. ಮನೆಗೆ ಹೋದ ಮೇಲೆ ಪ್ರತಿ ಬೆಳಿಗ್ಗೆ ಅವನಿಗೆ ನಿನ್ನ ನೆನಪು ತರುವುದು ಕುಚ್ಚು. ಹಿಡಿ ಕಡೆಯುವವನು ನೀನೇ ಆದ್ದರಿಂದ ಅದರ ತಪ್ಪುಒಪ್ಪು ನಿನಗೆ ಕಾಣುತ್ತದೆ. ಕುಚ್ಚು ಹಾಗಲ್ಲ. ಅದನ್ನು ಬೇರೆಯವರು ಎಲ್ಲೋ ಕಟ್ಟಿರುತ್ತಾರೆ, ಅದರ ಅರ್ಧ ಗುಟ್ಟು ಅಂಟಿನೊಳಗೆ ಮುಚ್ಚಿಹೋಗಿರುತ್ತದೆ. ಆದರೂ ಕೊನೆಗೆ ಹೆಸರು ನಿನ್ನದು. ಹಾಗಾಗಿ ಕಟ್ಟುವುದು ಹೇಗೆ ಅನ್ನುವುದನ್ನು ನೀನು ತಿಳಿದೇ ಕೊಳ್ಳಬೇಕು.

ನನ್ನ ಮೊದಲ ಸಂಬಳದಲ್ಲಿ ನಾನು ಹಿಡಿ ನೋಡಿಯೇ ಒಂದು ಬ್ರಷ್ ಕೊಂಡಿದ್ದೆ. ಕಪ್ಪು ಹಿಡಿ, ಕುತ್ತಿಗೆಗೊಂದು ಹಿತ್ತಾಳೆಯ ಬಳೆ. ಕೂದಲಿಗೆ ಬುಡದಲ್ಲಿ ಬಿಳಿ, ನಡುವೆ ಕಪ್ಪು ಪಟ್ಟೆ, ತುದಿಯಲ್ಲಿ ಮತ್ತೆ ಬಿಳಿ. ಅಸಲಿ ಬ್ಯಾಜರ್ ಕೂದಲು ಅಂತ ಅಂಗಡಿಯವರು ಹೇಳಿದರು. ಬಿಸಿನೀರಿನ ಲೋಟದಲ್ಲಿ ಅದ್ದಿಟ್ಟು ಐದು ನಿಮಿಷ ಬಿಟ್ಟು ಬಂದು ನೋಡಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ತಿಂಗಳೊಳಗೆ ಆ ಕಪ್ಪು ಪಟ್ಟೆ ಮಾಸಿದ ಬೂದಿಯಾಯಿತು. ಕೆನ್ನೆಗಂತೂ ದಿನಾ ಜೋಳದ ದಂಟಿನ ಸುಂಕು ಸವರಿದ ಹಾಗೆ. ಅದು ಬಣ್ಣ ಹಾಕಿದ, ತುದಿ ಕತ್ತರಿಸಿದ ಹಂದಿ ಕೂದಲು ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಹಿಡಿದವು. ತಿಳಿದ ದಿನ ಅದರ ಕುಚ್ಚನ್ನು ಹಿಡಿಯಿಂದ ಕಿತ್ತು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಅಲ್ಲಿಂದ ನನ್ನ ಪಾಠ ಶುರುವಾಯಿತು.

ಒಳ್ಳೆಯ ಕುಚ್ಚನ್ನು ಹೀಗೆ ಕಟ್ಟುತ್ತಾರೆ. ಕೂದಲನ್ನು ತೊಳೆದು, ಜಿಡ್ಡು ತೆಗೆದು, ಒಣಗಿಸಿ, ಬಾಚಣಿಗೆಯಲ್ಲಿ ಬಾಚಿ ಒಳಗಿನ ನವಿರಾದ ತುಪ್ಪಳವನ್ನೆಲ್ಲ ಬೇರೆ ಮಾಡುತ್ತಾರೆ. ತುಪ್ಪಳ ಉಳಿದರೆ ಕುಚ್ಚು ದಪ್ಪ ಕಾಣುತ್ತದೆ, ಬಲ ಇರುವುದಿಲ್ಲ. ಆಮೇಲೆ ಉದ್ದದ ಪ್ರಕಾರ ವಿಂಗಡಿಸುತ್ತಾರೆ. ಎಲ್ಲ ಕೂದಲಿನ ಬುಡ ಒಂದು ಕಡೆ, ತುದಿ ಒಂದು ಕಡೆ ಬರಬೇಕು. ಒಂದೇ ಒಂದು ಕೂದಲು ತಲೆಕೆಳಗಾಗಿ ಸೇರಿಕೊಂಡರೂ ಅದರ ದಪ್ಪ ಬುಡ ಮೇಲೆ ಬಂದು ಕೆನ್ನೆಗೆ ಚುಚ್ಚುತ್ತದೆ. ಅಂಥವನ್ನು ಬೆಳಕಿಗೆ ಹಿಡಿದು, ಚಾಕುವಿನ ಅಲಗು ಮತ್ತು ಹೆಬ್ಬೆರಳ ನಡುವೆ ಸಿಕ್ಕಿಸಿ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಆ ಕೆಲಸ ಮಾಡುವವರ ಕಣ್ಣು ಅಕ್ಕಿಯಲ್ಲಿ ಕಲ್ಲು ಆರಿಸುವ ನಮ್ಮ ಅಜ್ಜಿಯಂದಿರ ಕಣ್ಣಿನ ಹಾಗಿರಬೇಕು.

ಅದಾದ ಮೇಲೆ ಒಂದು ಕುಚ್ಚಿಗೆ ಬೇಕಾದಷ್ಟು ಕೂದಲನ್ನು ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಒಂದು ಬಟ್ಟಲಿಗೆ ಇಳಿಸುತ್ತಾರೆ. ಇಲ್ಲೇ ಇಡೀ ವಿದ್ಯೆಯ ತಿರುಳಿರುವುದು, ನಿಧಾನವಾಗಿ ಓದು. ಬಟ್ಟಲು ಲೋಹದ್ದೋ ಮರದ್ದೋ ಆಗಿರುತ್ತದೆ, ಅದರ ತಳ ಗುಳಿಬಿದ್ದಿರುತ್ತದೆ. ಕೂದಲನ್ನು ತುದಿ ಕೆಳಗೆ ಮಾಡಿ ಒಳಗಿಟ್ಟು, ಬಟ್ಟಲನ್ನು ಮೇಜಿನ ಮೇಲೆ ತಟ್ಟುತ್ತಾರೆ. ಸೇರಿನಲ್ಲಿ ರಾಗಿ ಅಳೆಯುವಾಗ ತಟ್ಟುತ್ತೇವಲ್ಲ, ಹಾಗೆ. ತಟ್ಟಿದಂತೆಲ್ಲ ಪ್ರತಿ ಕೂದಲಿನ ತುದಿಯೂ ಜಾರಿ ಜಾರಿ ಗುಳಿಯ ಮೈಗೆ ಹೋಗಿ ತಾಗುತ್ತದೆ. ನಡುವಿನ ಕೂದಲು ಆಳಕ್ಕೆ ಇಳಿಯುತ್ತವೆ, ಅಂಚಿನವು ಮೇಲೆ ನಿಲ್ಲುತ್ತವೆ. ಬಟ್ಟಲನ್ನು ತಿರುಗಿಸಿ ತೆಗೆದಾಗ ಕುಚ್ಚಿನ ತಲೆ ಗುಮ್ಮಟದ ಹಾಗೆ ದುಂಡಗೆ ಬಂದಿರುತ್ತದೆ. ಗುಳಿ ಆಳವಾಗಿದ್ದರೆ ದುಂಡು ತಲೆಯ ಬಲ್ಬ್, ಮಟ್ಟಸವಾಗಿದ್ದರೆ ಬೀಸಣಿಗೆಯ ಹಾಗೆ ಹರಡುವ ಫ್ಯಾನ್. ಆಮೇಲೆ ಬುಡಕ್ಕೆ ದಾರ ಬಿಗಿದು ಗಂಟು ಹಾಕುತ್ತಾರೆ. ವ್ಯಾಪಾರದವರು ಕುಚ್ಚನ್ನು ನಾಟ್ ಅನ್ನುವುದು ಈ ಗಂಟಿನಿಂದಲೇ.

ಗಮನಿಸಿದೆಯಾ? ತುದಿಗಳೆಲ್ಲ ಒಂದು ಆಕಾರಕ್ಕೆ ಬಂದವು, ಆದರೆ ಯಾವ ತುದಿಗೂ ಕತ್ತರಿ ಬೀಳಲಿಲ್ಲ. ಏರುಪೇರಾದದ್ದು ಬುಡದ ಕಡೆ. ಕತ್ತರಿ ಬೀಳಬೇಕಾದದ್ದು ಅಲ್ಲಿ, ಅಂಟಿನೊಳಗೆ ಮುಚ್ಚಿಹೋಗುವ ಕಡೆ. ಕೂದಲು ಚರ್ಮದಿಂದ ಹುಟ್ಟಿ ಬೆಳೆಯುವಾಗ ಮೊದಲು ಹೊರಬಂದ ಭಾಗವೇ ತುದಿ. ಅದು ಸೂಜಿಮೊನೆಗಿಂತ ನಯವಾಗಿ ಸಪೂರವಾಗಿರುತ್ತದೆ. ಅದನ್ನು ಒಮ್ಮೆ ಕತ್ತರಿಸಿದರೆ ಅಲ್ಲಿ ಮೊಂಡು ಅಂಚು ಉಳಿಯುತ್ತದೆ, ಮತ್ತೆ ಯಾವ ಉಪಾಯದಿಂದಲೂ ಆ ನಯ ಬರುವುದಿಲ್ಲ. ಅಗ್ಗದ ಕುಚ್ಚು ಕಟ್ಟುವವರು ಈ ತಟ್ಟುವ, ಆರಿಸುವ ಕಷ್ಟ ಪಡುವುದಿಲ್ಲ. ಹೇಗೋ ಕಟ್ಟಿ, ಮೇಲೆ ಕತ್ತರಿಯಿಂದ ಗುಂಡಗೆ ಸವರಿಬಿಡುತ್ತಾರೆ. ದೂರದಿಂದ ನೋಡಿದರೆ ಎರಡೂ ಒಂದೇ ಆಕಾರ. ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದವರು ಅಳಿಲಿನ ಬಾಲದ ಕೂದಲಿನಿಂದ ತಾವೇ ಕುಂಚ ಕಟ್ಟಿಕೊಳ್ಳುತ್ತಿದ್ದರು. ದೇವರ ಕಣ್ಣಿನ ರೆಪ್ಪೆ ಬರೆಯಬೇಕಾದರೆ ಕತ್ತರಿ ಕಾಣದ ತುದಿಯೇ ಬೇಕು. ಕುಂಚಕ್ಕೂ ಕ್ಷೌರದ ಬ್ರಷ್ಷಿಗೂ ಈ ಒಂದು ನಿಯಮ ಸಮಾನ.

ಹಾಗಾಗಿ ಯಾವ ಕುಚ್ಚು ಕೈಗೆ ಬಂದರೂ ಮೊದಲು ಬೂತಗನ್ನಡಿ ತೆಗೆ. ಬಿಳಿ ತುದಿಯ ಹಿಂದೆ ಒಂದು ಕಪ್ಪು ಬಟ್ಟೆ ಹಿಡಿ. ಕೂದಲು ಸಪೂರವಾಗುತ್ತಾ ಹೋಗಿ ಕಣ್ಣಿಗೆ ಕಾಣದ ಹಾಗೆ ಮುಗಿದರೆ ಅದು ಹುಟ್ಟಿದ ತುದಿ. ಬೇಲಿ ಗೂಟದ ಹಾಗೆ ಚಪ್ಪಟೆಯಾಗಿ ನಿಂತರೆ ಅಲ್ಲಿ ಕತ್ತರಿ ಆಡಿದೆ.

ಇನ್ನು ಕೂದಲಿನ ಜಾತಿ. ಬ್ಯಾಜರ್ ಎನ್ನುವುದು ಬಿಲ ತೋಡಿ ಬದುಕುವ ಪ್ರಾಣಿ. ನಮ್ಮ ಕಾವೇರಿ ಕಾಡಿನಲ್ಲಿ ಕ್ಯಾಮೆರಾಕ್ಕೆ ಸಿಕ್ಕ ತರಕರಡಿ ಅದರ ದೂರದ ನೆಂಟ, ಆದರೆ ಬ್ರಷ್ಷಿಗೆ ಬರುವ ಕೂದಲು ಅದರದ್ದಲ್ಲ. ಮಾರುಕಟ್ಟೆಯ ಬ್ಯಾಜರ್ ಕೂದಲು ಹೆಚ್ಚುಕಮ್ಮಿ ಎಲ್ಲವೂ ಚೀನಾದಿಂದ ಬರುತ್ತದೆ. 1919ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಿಂಪ್ಸನ್ ಬ್ರಷ್ ಆಗಲಿ, ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯಲ್ಲಿ 1945ರಿಂದ ಬ್ರಷ್ ಕಟ್ಟುತ್ತಿರುವ ಮ್ಯೂಲೆ ಮನೆತನದ್ದಾಗಲಿ, ಬ್ಯಾಜರ್ ಕೂದಲಿನ ಮೂಲ ಅಲ್ಲೇ. ಬ್ರಿಟನ್ನಿನಲ್ಲಂತೂ ಬ್ಯಾಜರ್‌ಗೆ 1992ರ ಕಾಯಿದೆಯ ರಕ್ಷಣೆ ಇದೆ.

ಮಾರುವವರು ಅದಕ್ಕೆ ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ಮೆಟ್ಟಿಲು ಮಾಡಿದ್ದಾರೆ. ಸಾಮಾನ್ಯವಾಗಿ ಪ್ಯೂರ್ ಅಂದರೆ ಕಂದು ಬಣ್ಣದ ಒರಟು ಕೂದಲು, ಸಿಲ್ವರ್‌ಟಿಪ್ ಅಂದರೆ ಬಿಳಿ ತುದಿಯ ಅತಿ ನಯವಾದದ್ದು. ಆದರೆ ಈ ಹೆಸರುಗಳನ್ನು ಅಳೆದು ಮುದ್ರೆ ಒತ್ತುವ ಯಾವ ಅಧಿಕಾರವೂ ಇಲ್ಲ. ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದ ಹಾಗೆ ಇದಕ್ಕಿಲ್ಲ. ಒಬ್ಬರ ಬೆಸ್ಟ್ ಇನ್ನೊಬ್ಬರ ಸೂಪರ್‌ಗಿಂತ ಮೇಲಿರಬಹುದು. 'ಪ್ಯೂರ್' ಎನ್ನುವ ಪದ ನೋಡಿ ಅಪ್ಪಟ ಅಂತ ನಂಬಿ ಕೊಂಡವರು ಎಷ್ಟೋ ಜನ. ಆ ಮೆಟ್ಟಿಲುಗಳಲ್ಲಿ ಅದು ಎಲ್ಲಕ್ಕಿಂತ ಕೆಳಗಿನದು.

ಪಟ್ಟೆಯನ್ನು ನೋಡುವ ಬಗೆ ಹೇಳುತ್ತೇನೆ. ಅಸಲಿ ಬ್ಯಾಜರ್‌ನಲ್ಲಿ ಕಪ್ಪು ಪಟ್ಟೆ ಪ್ರತಿ ಕೂದಲಿನಲ್ಲೂ ತುಸು ಮೇಲೆ ಕೆಳಗೆ ಇರುತ್ತದೆ. ಹಾಗಾಗಿ ಪಟ್ಟೆಯ ಅಂಚು ಮಂಜು ಕರಗಿದ ಹಾಗೆ ಮಸುಕಾಗಿ ಬಿಳಿಗೆ ಸೇರುತ್ತದೆ. ಬಣ್ಣ ಹಾಕಿದ್ದರಲ್ಲಿ ಅಂಚು ಗೆರೆ ಎಳೆದಷ್ಟು ನೇರ. ಅನುಮಾನವಿದ್ದರೆ ಉಗುರುಬೆಚ್ಚಗಿನ ನೀರಿಗೆ ಶಾಂಪೂ ಹಾಕಿ ತೊಳೆದು, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡು. ಮೊದಲ ಸಲ ಸ್ವಲ್ಪ ಕೊಳೆ ಬಿಡುವುದು ಸಹಜ, ನಾಲ್ಕನೆಯ ಸಲವೂ ಬಟ್ಟೆ ಕಪ್ಪಾದರೆ ಅದು ಕೊಳೆಯಲ್ಲ.

ಈ ನಕಲಿಯ ಕತೆಯಲ್ಲಿ ಒಂದು ಕರಾಳ ಅಧ್ಯಾಯವೂ ಇದೆ, ಅದನ್ನು ನೀನು ತಿಳಿದಿರಲೇಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ಯಾಜರ್ ಕೂದಲು ಸಿಗದೆ, ಕುದುರೆ ಕೂದಲಿಗೆ ಅದರ ವೇಷ ಹಾಕಿ ಬ್ರಷ್ ಮಾಡಿದರು. ಏಷ್ಯಾದಿಂದ ಬರುತ್ತಿದ್ದ ಕೂದಲು ಮೊದಲಾದರೆ ಯುರೋಪಿನಲ್ಲಿ ಸೋಂಕು ಕಳೆದುಕೊಂಡು ಮುಂದೆ ಹೋಗುತ್ತಿತ್ತು, ಯುದ್ಧದಿಂದ ಆ ದಾರಿ ತಪ್ಪಿತು. ವಿಷಾನಿಲದ ಮುಖವಾಡ ಕೆನ್ನೆಗೆ ಬಿಗಿಯಾಗಿ ಕೂರಬೇಕೆಂದು ಸೈನಿಕರು ದಿನಾ ಗಡ್ಡ ಹೆರೆಯಬೇಕಾಗಿತ್ತು. ಶುಚಿ ಮಾಡದ ಕೂದಲಿನಲ್ಲಿದ್ದ ಆಂಥ್ರಾಕ್ಸ್, ನಮ್ಮ ರೈತರು ದನಗಳಲ್ಲಿ ನೆರಡಿ ಎನ್ನುವ ಅದೇ ರೋಗ, ಬ್ಲೇಡಿನ ಗೀರುಗಳ ಮೂಲಕ ಅವರ ಮೈಗೆ ಇಳಿಯಿತು. 1915ರಿಂದ 1924ರವರೆಗೆ ಅಮೆರಿಕ ಮತ್ತು ಬ್ರಿಟನ್ನಿನ ಸೈನಿಕರೂ ನಾಗರಿಕರೂ ಸೇರಿ ಇನ್ನೂರಕ್ಕೂ ಹೆಚ್ಚು ಜನರಿಗೆ ಶೇವಿಂಗ್ ಬ್ರಷ್ಷಿನಿಂದಲೇ ಈ ರೋಗ ತಗಲಿದ್ದು ದಾಖಲಾಗಿದೆ. 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಷ್‌ಗಳ ಆಮದನ್ನೇ ನಿಲ್ಲಿಸಿತು. ಈಗ ಕೂದಲನ್ನು ಕ್ರಿಮಿ ಕಳೆದೇ ಮಾರುವ ಪದ್ಧತಿ ಬಂದಿದೆ, ಹೆದರಬೇಡ. ಆದರೆ ಎಲ್ಲಿಂದ ಬಂತು, ಯಾರು ಶುಚಿ ಮಾಡಿದರು ಅಂತ ಹೇಳಲಾರದವರ ಹತ್ತಿರ ಬಿಡಿ ಕೂದಲು ಕೊಳ್ಳಬೇಡ. ಕಟ್ಟಿದ ಕುಚ್ಚನ್ನೇ ಕೊಳ್ಳು, ಬಿಲ್ಲಿನ ಸಮೇತ ಕೊಳ್ಳು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಹಂದಿ ಕೂದಲು. ಬೋರ್ ಎಂಬ ಹೆಸರಿನಿಂದ ಕಾಡುಹಂದಿ ಅಂತ ಜನ ತಿಳಿಯುತ್ತಾರೆ, ಹೆಚ್ಚಿನ ಪಾಲು ಬರುವುದು ಸಾಕಿದ ಹಂದಿಯಿಂದ. ನಮ್ಮ ದೇಶದಲ್ಲಿ ಕಾನ್ಪುರ ಬ್ರಿಟಿಷರ ಕಾಲದಿಂದಲೂ ಹಂದಿ ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು. ಉತ್ತರ ಪ್ರದೇಶದ ಬಿಜನೋರ್ ಜಿಲ್ಲೆಯ ಶೇರ್ಕೋಟ್‌ನಲ್ಲಂತೂ ಮನೆಮನೆಯಲ್ಲೂ ಪೇಂಟ್ ಬ್ರಷ್ ಕಟ್ಟುತ್ತಾರೆ. ಶೇವಿಂಗ್ ಬ್ರಷ್ಷಿಗೆ ಇಟಲಿಯ ಬೊಲೊನ್ಯಾದ ಒಮೆಗಾ ಮತ್ತು ಪೋರ್ಚುಗಲ್ಲಿನ ಸೆಮೋಗ್ ಈ ಕೂದಲನ್ನು ತುಂಬ ಚೆನ್ನಾಗಿ ಬಳಸಿದ ಮನೆಗಳು. ಇದರ ಗುಣ ಏನೆಂದರೆ ಇದು ನಿಧಾನವಾಗಿ ಒಲಿಯುತ್ತದೆ. ಹೊಸದರಲ್ಲಿ ಗಡುಸು, ಮೊದಲ ವಾರ ಕೊಟ್ಟಿಗೆಯ ವಾಸನೆ, ನೊರೆಯನ್ನು ತಾನೇ ನುಂಗಿಕೊಳ್ಳುತ್ತದೆ. ಬಳಸುತ್ತಾ ಹೋದ ಹಾಗೆ ಪ್ರತಿ ಕೂದಲಿನ ತುದಿ ಎರಡಾಗಿ, ಮೂರಾಗಿ ಸೀಳುತ್ತದೆ. ತಲೆಕೂದಲು ಸೀಳಿದರೆ ಹೆಂಗಸರು ಬೇಸರ ಪಡುತ್ತಾರೆ, ಇಲ್ಲಿ ಮಾತ್ರ ಆ ಸೀಳೇ ಭಾಗ್ಯ. ತಿಂಗಳು, ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಬುಡದಲ್ಲಿ ಬಿಗುವು, ತುದಿಯಲ್ಲಿ ಬೆಣ್ಣೆ. ಹಂದಿ ಕೂದಲು ನೀರು ಕುಡಿದು ಮೆತ್ತಗಾಗುವುದರಿಂದ ಬಳಸುವ ಮೊದಲು ಐದು ನಿಮಿಷ ನೆನೆಸಬೇಕು. ಒಣ ಕುಚ್ಚನ್ನು ಬೆರಳಿನಿಂದ ಸವರಿ "ಇದು ಒರಟು" ಅಂತ ತೀರ್ಪು ಕೊಟ್ಟುಬಿಡುವುದು ಇದಕ್ಕೆ ಮಾಡುವ ಅನ್ಯಾಯ. ಆದರೆ ತುದಿ ಕತ್ತರಿಸಿದ ಹಂದಿ ಕುಚ್ಚು ಬಂದರೆ ಮಾತ್ರ ಕಾಯಬೇಡ, ಅದರ ಮೊಂಡು ಅಂಚು ಮೆತ್ತಗಾಗುವಷ್ಟು ತಾಳ್ಮೆ ನಿನ್ನ ಗಿರಾಕಿಗೆ ಇರುವುದಿಲ್ಲ.

ಇನ್ನೊಂದು ಮಾತು. ಹಂದಿ ಕೂದಲು ಅಂದರೆ ಮುಟ್ಟದವರು ನಮ್ಮ ಊರಿನಲ್ಲೇ ಬಹಳ ಜನ ಇದ್ದಾರೆ, ಅವರವರ ಧರ್ಮ, ಅವರವರ ಮನಸ್ಸು. ಪೆಟ್ಟಿಗೆಯ ಮೇಲೆ ಕೂದಲು ಯಾವುದು ಅಂತ ದಪ್ಪ ಅಕ್ಷರದಲ್ಲಿ ಬರೆ. ಬರೀ 'ನೈಸರ್ಗಿಕ' ಅಂತ ಬರೆದು ಮುಚ್ಚಿಡಬೇಡ. ಒಬ್ಬನ ನಂಬಿಕೆಗೆ ಗೊತ್ತಿಲ್ಲದೆ ಮಾಡಿದ ನೋವೂ ನೋವೇ.

ಕುದುರೆಯ ಬಾಲ, ಕೇಸರದ ಕೂದಲು ಬ್ಯಾಜರ್‌ಗೂ ಹಂದಿ ಕೂದಲಿಗೂ ನಡುವಿನದು. ಸ್ಪೇನಿನವರು ಅದನ್ನು ಇಂದಿಗೂ ಕಟ್ಟುತ್ತಾರೆ. ಪ್ರಾಣಿಯನ್ನು ಕೊಲ್ಲದೆ ಸಿಗುತ್ತದೆ ಅನ್ನುವುದು ಅದರ ದೊಡ್ಡ ಗುಣ.

ಕೃತಕ ನೂಲಿನ ಬಗ್ಗೆ ನನ್ನ ಪೀಳಿಗೆಯವರಿಗೆ ಇದ್ದ ತಾತ್ಸಾರ ನನಗೂ ಇತ್ತು, ಅದನ್ನು ನಾನು ಬಿಟ್ಟಿದ್ದೇನೆ. 1935ರಲ್ಲಿ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ನೈಲಾನ್ ಕಂಡುಹಿಡಿಯಿತು. 1938ರಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂದದ್ದೇ ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಆ ಕಾಲದ ದಪ್ಪ ನೈಲಾನ್ ಕೆನ್ನೆಗೆ ಶಿಕ್ಷೆಯೇ ಸರಿ. ಈಗಿನದು ಬೇರೆ. ಪಿಬಿಟಿ ಎನ್ನುವ ಪ್ಲಾಸ್ಟಿಕ್ಕನ್ನು ಕೂದಲಿಗಿಂತ ಸಪೂರವಾಗಿ ಎಳೆದು, ತುದಿಯನ್ನು ರಾಸಾಯನಿಕ ದ್ರವದಲ್ಲಿ ಅದ್ದಿ ಕರಗಿಸಿ ಮೊನೆ ಮಾಡುತ್ತಾರೆ. ಅಂದರೆ ಹುಟ್ಟಿನಿಂದ ಬಾರದ ತುದಿಯನ್ನು ದುಡಿದು ಸಂಪಾದಿಸುತ್ತಾರೆ. ಒಳ್ಳೆಯದರಲ್ಲಿ ಎಳೆಗೆ ಸಣ್ಣ ಅಲೆಯೂ ಇರುತ್ತದೆ, ಆ ಅಲೆಗಳ ಸಂದಿಯಲ್ಲಿ ನೀರು, ನೊರೆ ನಿಲ್ಲುತ್ತದೆ. ಕೆಟ್ಟದ್ದನ್ನು ಗುರುತಿಸುವುದು ಸುಲಭ. ಒದ್ದೆ ಮಾಡಿ ಅಂಗೈಗೆ ಒತ್ತಿ ಬಿಡು. ಸ್ಪ್ರಿಂಗಿನಂತೆ ಪಟ್ಟನೆ ಜಿಗಿದು ನೀರು ಎರಚಿದರೆ ನಾಳೆ ಗಿರಾಕಿಯ ಬನಿಯನ್ ತುಂಬ ನೊರೆ. ಸಾವಧಾನವಾಗಿ ಮೇಲೆದ್ದರೆ ಅದು ಒಳ್ಳೆಯ ಎಳೆ. ಮಂಗಳೂರು, ಕಾರವಾರ, ಆಗುಂಬೆಯ ಕಡೆಯಿಂದ ಗಿರಾಕಿ ಬಂದರೆ ಇದನ್ನೇ ಕೊಡು. ಮಳೆಗಾಲದ ಮೂರು ತಿಂಗಳು ಬಟ್ಟೆಯೇ ಒಣಗದ ಕಡೆ ದಟ್ಟವಾದ ಬ್ಯಾಜರ್ ಕುಚ್ಚು ಬೂಸ್ಟು ಹಿಡಿಯುತ್ತದೆ. ಕೃತಕ ಎಳೆ ಗಂಟೆಗಳಲ್ಲಿ ಒಣಗುತ್ತದೆ.

ಬ್ಯಾಜರ್ ಬಗ್ಗೆ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. 2018ರಲ್ಲಿ ಪೀಟಾ ಸಂಘಟನೆ ಚೀನಾದ ಬ್ಯಾಜರ್ ಸಾಕಣೆಯ ಕಡೆಯಿಂದ ಹೊರತಂದ ದೃಶ್ಯಗಳನ್ನು ನಾನು ಪೂರ್ತಿ ನೋಡಲಾರದೆ ಹೋದೆ. ನಮ್ಮ ದೇಶದಲ್ಲೂ ಕುಂಚಕ್ಕಾಗಿ ಮುಂಗುಸಿಗಳನ್ನು ಕೊಲ್ಲುತ್ತಿದ್ದರು. ಮುಂಗುಸಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದ್ದರೂ ಆ ವ್ಯಾಪಾರ ನಿಲ್ಲದೆ, 2019ರಲ್ಲಿ ಅಧಿಕಾರಿಗಳು 'ಆಪರೇಷನ್ ಕ್ಲೀನ್ ಆರ್ಟ್' ಎಂಬ ಹೆಸರಿನಲ್ಲಿ ದಾಳಿ ಮಾಡಬೇಕಾಯಿತು. ಮನೆಯಲ್ಲಿರುವ ನನ್ನ ಹಳೆಯ ಬ್ಯಾಜರ್ ಬ್ರಷ್ಷನ್ನು ಕೊನೆಯವರೆಗೂ ಬಳಸುತ್ತೇನೆ, ಹೊಸದನ್ನು ಕೊಳ್ಳುವುದಿಲ್ಲ. ನೀನು ಏನು ಮಾಡಬೇಕೆಂದು ನೀನೇ ಯೋಚಿಸು. ಆದರೆ ಗೊತ್ತಿದ್ದು ಯೋಚಿಸು.

ಈಗ ಅಂಟಿನ ವಿಷಯ. ತುದಿಯ ನಂತರ ಕುಚ್ಚಿನ ಆಯುಸ್ಸು ನಿಂತಿರುವುದು ಇದರ ಮೇಲೆ. ಹಿಂದೆ ರಾಳ ಕಾಯಿಸಿ ಹುಯ್ಯುತ್ತಿದ್ದರು, ಬಿಸಿನೀರಿಗೆ ಅದು ಮೆತ್ತಗಾಗಿ ಕೂದಲು ಮುಖಕ್ಕೇ ಅಂಟಿಕೊಂಡು ಬರುತ್ತಿತ್ತು. ಅಮೆರಿಕದ ನ್ಯೂಅರ್ಕ್ ಊರಿನ ರಬ್ಬರ್‌ಸೆಟ್ ಕಂಪನಿ ಕೂದಲಿನ ಬುಡವನ್ನು ಗಟ್ಟಿ ರಬ್ಬರಿನಲ್ಲಿ ಬೇಯಿಸಿ ಹಿಡಿದಿಡುವ ಕ್ರಮದಿಂದಲೇ ಹೆಸರು ಮಾಡಿತು. ಈಗ ಎಲ್ಲರೂ ಎಪಾಕ್ಸಿ ಬಳಸುತ್ತಾರೆ. ಎಪಾಕ್ಸಿ ನೀರಿನ ಹಾಗೆ ತೆಳುವಾಗಿದ್ದರೆ ದೀಪದ ಬತ್ತಿ ಎಣ್ಣೆ ಏರಿಸುವಂತೆ ಕೂದಲ ನಡುವೆ ಮೇಲೇರಿ, ಕುಚ್ಚಿನ ಹೊಟ್ಟೆಯೊಳಗೆ ಗಡ್ಡೆಯಾಗುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಎರಡು ಬೆರಳಿನಿಂದ ಕುಚ್ಚಿನ ಬುಡವನ್ನು ಹಿಚುಕುತ್ತಾ ಮೇಲೆ ಬಾ. ಬುಡದಿಂದ ಸ್ವಲ್ಪದರಲ್ಲೇ ಗಟ್ಟಿತನ ಮುಗಿದು ಕೂದಲು ಬಳುಕಬೇಕು. ಒಳಗೆ ಹುಣಸೆಬೀಜದಂಥದ್ದು ಬೆರಳಿಗೆ ತಾಗಿದರೆ ಅದೇ ಗಡ್ಡೆ. ದಿನಾ ಬಾಗುವ ಕೂದಲು ಆ ಗಡ್ಡೆಯ ಅಂಚಿನಲ್ಲೇ ಮುರಿಯುತ್ತದೆ. ಕುಚ್ಚನ್ನು ನೆನೆಸಿ, ಅರಳಿಸಿ, ಮೇಲಿನಿಂದ ಇಣುಕಿಯೂ ನೋಡು. ನಡುವೆ ಉದ್ದಿನ ವಡೆಯ ಹಾಗೆ ತೂತು ಕಂಡರೆ ಅಲ್ಲಿ ಗಡ್ಡೆ ಇದೆ, ಇಲ್ಲವೇ ಕೂದಲು ಕದ್ದಿದ್ದಾರೆ.

ಕೂದಲುದುರಿದರೆ ಗಾಬರಿಯಾಗಬೇಡ, ಉದುರಿದ್ದನ್ನು ಓದಲು ಕಲಿ. ಮೊದಲ ನಾಲ್ಕೈದು ಸಲ ಉದುರುವುದು ದಾರಕ್ಕೂ ಅಂಟಿಗೂ ಸಿಗದೆ ಸುಮ್ಮನೆ ನಿಂತಿದ್ದ ಸಡಿಲ ಕೂದಲು, ಅದು ದೋಷವಲ್ಲ. ಆಮೇಲೂ ಉದುರಿದರೆ ಬಿದ್ದ ಕೂದಲನ್ನು ಕುಚ್ಚಿನ ಪಕ್ಕಕ್ಕೆ ಹಿಡಿ. ಕುಚ್ಚಿಗಿಂತ ಉದ್ದವಾಗಿದ್ದರೆ ಅದು ಅಂಟಿನೊಳಗಿನಿಂದ ಬುಡಸಮೇತ ಜಾರಿ ಬಂದದ್ದು, ಅಂಟು ಎಲ್ಲ ಕೂದಲಿಗೂ ತಲುಪಿಲ್ಲ. ಗಿಡ್ಡವಾಗಿದ್ದರೆ ಮುರಿದದ್ದು. ಆಗ ಗಡ್ಡೆ ಇರಬಹುದು, ಕೂದಲು ಸುಟ್ಟಂತೆ ಒಣಗಿರಬಹುದು, ಅಥವಾ ಗಿರಾಕಿ ಬ್ರಷ್ಷನ್ನು ನೆಲ ಉಜ್ಜುವ ಪೊರಕೆಯ ಹಾಗೆ ಒತ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ದೂರು ಬಂದಾಗ "ಒಂದೆರಡು ಉದುರಿದ ಕೂದಲನ್ನು ಕಳಿಸಿ" ಅಂತ ಕೇಳು.

ಅಳತೆಯಲ್ಲಿ ನೀನು ಎಡವುವುದು ಬೇಡ. ಕುಚ್ಚಿನ ಬುಡದ ಅಗಲ 24 ಮಿಲಿಮೀಟರ್, ಹಿಡಿಯಿಂದ ಮೇಲೆ ಕಾಣುವ ಎತ್ತರ 50 ಮಿಲಿಮೀಟರ್ ಆಸುಪಾಸು, ಇದು ಬ್ಯಾಜರ್‌ಗೂ ಕೃತಕಕ್ಕೂ ಹೆಚ್ಚು ಜನರಿಗೆ ಒಗ್ಗುವ ಲೆಕ್ಕ. ಈ ಎತ್ತರಕ್ಕೆ ಲಾಫ್ಟ್ ಅನ್ನುತ್ತಾರೆ. ಅದೇ ಕುಚ್ಚನ್ನು ಮೂರು ಮಿಲಿಮೀಟರ್ ಆಳಕ್ಕೆ ಇಳಿಸಿದರೆ ಸೆಟೆದು ನಿಲ್ಲುತ್ತದೆ, ಮೂರು ಮಿಲಿಮೀಟರ್ ಮೇಲೆ ನಿಲ್ಲಿಸಿದರೆ ಸೋತು ಬಾಗುತ್ತದೆ. ಹಂದಿ ಕೂದಲು ಗಟ್ಟಿಯಾದ್ದರಿಂದ ಅದಕ್ಕೆ ಇನ್ನಷ್ಟು ಎತ್ತರ ಬೇಕು. ಮಾರುವವರು ಬರೆದ ಅಳತೆಯನ್ನು ನಂಬದೆ ಪ್ರತಿಯೊಂದಕ್ಕೂ ವರ್ನಿಯರ್ ಹಿಡಿ, ಒಂದೇ ಪೊಟ್ಟಣದಲ್ಲಿ 23ರದ್ದೂ 25ರದ್ದೂ ನನಗೆ ಸಿಕ್ಕಿವೆ. ಹಿಡಿಯ ಗುಳಿ ಕುಚ್ಚಿನ ಬುಡಕ್ಕಿಂತ ಒಂದು ಮಿಲಿಮೀಟರ್ ಅಗಲವಿದ್ದರೆ ಸಾಕು. ಆಳವನ್ನು ಸ್ವಲ್ಪ ಹೆಚ್ಚೇ ಕೊರೆ. ಕೆಳಗೆ ವಾಷರ್ ಇಟ್ಟು ಎತ್ತರಿಸಬಹುದು, ಕೊರೆಯದ ಗುಳಿಯನ್ನು ಅಂಟಿದ ಮೇಲೆ ಆಳ ಮಾಡಲಾಗದು. ಅಂಟಿನ ಗಟ್ಟಿ ಭಾಗ ಗುಳಿಯ ಬಾಯಿಗಿಂತ ಕೆಳಗೇ ಮುಗಿಯಬೇಕು. ಮೇಲೆ ಇಣುಕಿದರೆ ಆ ಗೆರೆಯಲ್ಲೇ ಕೂದಲು ಮುರಿಯುವುದು ಖಂಡಿತ.

ದಟ್ಟ ಕುಚ್ಚೇ ಉತ್ತಮ ಅನ್ನುವ ಗೀಳು ಈಗ ಹೆಚ್ಚಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ತೀರ ದಟ್ಟವಾದದ್ದು ಅರಳುವುದಿಲ್ಲ, ನೊರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೆನ್ನೆಗೆ ಬಿಡುವುದಿಲ್ಲ, ಒಣಗಲು ಎರಡು ದಿನ ಬೇಡುತ್ತದೆ. ಹೆಬ್ಬೆರಳಿನಿಂದ ನೆತ್ತಿಯನ್ನು ಒತ್ತು. ತಡೆದೂ ದಾರಿ ಬಿಡಬೇಕು.

ನಿನ್ನ ಹಿಡಿಗಳ ಬಗ್ಗೆ ಒಂದೇ ಆತಂಕ. ಆಲೆ ಮರ, ಮೇಲೆ ಅರಗಿನ ಬಣ್ಣ, ನೋಡಲು ಎಷ್ಟು ಚೆಂದ! ಆದರೆ ಅರಗು ಬಿಸಿಗೆ ಮೆತ್ತಗಾಗುತ್ತದೆ, ಕ್ಷಾರಕ್ಕೆ ಕರಗುತ್ತದೆ, ಶೇವಿಂಗ್ ಸೋಪು ಕ್ಷಾರವೇ. ಬೊಂಬೆಗೆ ಬರದ ಪರೀಕ್ಷೆ ಇದಕ್ಕೆ ದಿನಾ ಬರುತ್ತದೆ. ನಾನು ಒಂದನ್ನು ಸೋಪುನೀರಿನ ಬಟ್ಟಲಲ್ಲಿ ನಿಲ್ಲಿಸಿ ನೋಡಿದೆ. ಎಂಟನೆಯ ದಿನ ಬುಡದ ಹಳದಿ ಬೆಳ್ಳಗೆ ಮಸುಕಾಗಿದೆ. ಅರಗಿನ ಮೇಲೆ ನೀರು ತಡೆಯುವ ಇನ್ನೊಂದು ಪದರ ಬೇಕು, ಗುಳಿಯ ಒಳಗೋಡೆಗೂ ಬುಡದ ತಳಕ್ಕೂ ಎಪಾಕ್ಸಿ ಬಳಿದು ಮರದ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಮರ ನೀರು ಕುಡಿದು ಉಬ್ಬಿ ಸೀಳುತ್ತದೆ. ನಿನಗೆ ಕಲಿಸಿದ ಗುರುಗಳನ್ನೇ ಕೇಳು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಬ್ರಷ್ ಜೊತೆಗೆ ಒಂದು ಚೀಟಿ ಹಾಕು. ಕುದಿಯುವ ನೀರು ಬೇಡ, ಉಗುರುಬೆಚ್ಚಗಿನದು ಸಾಕು. ಬಳಸಿದ ಮೇಲೆ ಸೋಪು ಹೋಗುವ ತನಕ ತೊಳೆದು, ಹಿಂಡದೆ, ಎಳೆಯದೆ, ಮೆಲ್ಲಗೆ ಒತ್ತಿ, ಕೊಡವಿ, ಗಾಳಿ ಆಡುವ ಕಡೆ ಇಡಬೇಕು. ಒದ್ದೆಯಿರುವಾಗಲೇ ಡಬ್ಬಿಯೊಳಗೆ ಮುಚ್ಚಬಾರದು.

ಈ ಕಾಗದದ ಜೊತೆ ಮೂರು ಬಿಡಿ ಕುಚ್ಚು ಕಳಿಸಿದ್ದೇನೆ. ಕೆಂಪು ದಾರದ್ದು ಹಂದಿ ಕೂದಲು, ನೀಲಿ ದಾರದ್ದು ಕೃತಕ ಎಳೆ. ದಾರವಿಲ್ಲದ್ದು ನಾನು ಮೊದಲ ಸಂಬಳದಲ್ಲಿ ಕೊಂಡೆನೆಂದೆನಲ್ಲ, ಆ ಬ್ರಷ್ಷಿನ ಸೀಳಿದ ಕುಚ್ಚು. ಮೊದಲು ಅದನ್ನು ಬೂತಗನ್ನಡಿಯಲ್ಲಿ ನೋಡು. ಆಮೇಲೆ ಕೆಂಪು ದಾರದ್ದನ್ನು ನಿನ್ನ ಒಂದು ಹಿಡಿಯಲ್ಲಿ ಸದ್ಯಕ್ಕೆ ಸಿಲಿಕೋನ್ ಹಚ್ಚಿ ಕೂರಿಸಿ, ಒಂದು ತಿಂಗಳು ನಿನ್ನ ಕೆನ್ನೆಯ ಮೇಲೆಯೇ ಬಳಸು. ಉದುರಿದ ಪ್ರತಿ ಕೂದಲನ್ನೂ ತಾರೀಖು ಬರೆದು ಒಂದು ಕಾಗದಕ್ಕೆ ಅಂಟಿಸಿಡು. ಯುಗಾದಿಗೆ ಬರುವಾಗ ಆ ಕಾಗದ ತೆಗೆದುಕೊಂಡು ಬಾ, ಇಬ್ಬರೂ ಕೂತು ಓದೋಣ. ಅಲ್ಲಿಯವರೆಗೆ ಯಾರಿಗೂ ಆರ್ಡರ್ ಕೊಡಬೇಡ.